ರಾಯನ ಸಾಮು, ಗರಡಿಯ ಬಸ್ಕಿ ಮತ್ತು ಸೊಂಟದ ಸನ್ನೆಕೋಲು

ಹಂಪೆಯ ಮಹಾನವಮಿ ದಿಬ್ಬದ ಗೋಡೆಗಳಲ್ಲಿ ಆನೆ, ಕುದುರೆ, ನರ್ತಕಿಯರ ಸಾಲುಗಳ ನಡುವೆ ಜಟ್ಟಿಗಳೂ ಇದ್ದಾರೆ. ಅಲ್ಲಿಗೆ ಹೋಗುವ ಓದುಗ ಮಿತ್ರರು ಅವರ ತೋಳುಗಳಿಗಿಂತ ಸೊಂಟ ಮತ್ತು ತೊಡೆಗಳ ನಿಲುವನ್ನು ಗಮನಿಸಬೇಕೆಂದು ನನ್ನ ವಿನಂತಿ. ಎದುರಾಳಿಯನ್ನು ಎತ್ತುವ ಬಲ ಹುಟ್ಟುವುದು ಅಲ್ಲಿಯೇ.

1520ರ ಸುಮಾರಿಗೆ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಇಲ್ಲಿಗೆ ಬಂದಾಗ ಕೃಷ್ಣದೇವರಾಯನು ಹೊಸ ಪಟ್ಟಣವಾದ ನಾಗಲಾಪುರದಲ್ಲಿ, ಎಂದರೆ ಇಂದಿನ ನಮ್ಮ ಹೊಸಪೇಟೆಯಲ್ಲಿ ಇದ್ದನು. ರಾಯನ ದಿನಚರಿಯನ್ನು ಪಾಯೆಸ್ ಹೀಗೆ ಬರೆದಿಟ್ಟಿದ್ದಾನೆ: ನಸುಕಿಗೆ ಮುನ್ನವೇ ಎಳ್ಳೆಣ್ಣೆ ಕುಡಿದು, ಮೈಗೆಲ್ಲ ಅದನ್ನೇ ಹಚ್ಚಿಕೊಂಡು, ಮಣ್ಣಿನಿಂದ ಮಾಡಿದ ಭಾರಗಳನ್ನು ತೋಳುಗಳಲ್ಲಿ ಎತ್ತುವುದು, ಕುಡಿದ ಎಣ್ಣೆ ಬೆವರಾಗಿ ಹರಿಯುವವರೆಗೆ ಕತ್ತಿವರಸೆ, ಬಳಿಕ ಜಟ್ಟಿಯೊಡನೆ ಕುಸ್ತಿ, ಕೊನೆಗೆ ಬೆಳಗಾಗುವ ತನಕ ಬಯಲಿನಲ್ಲಿ ಕುದುರೆ ಸವಾರಿ. ಇಷ್ಟು ಮಾಡುವವನೂ ತೆಳ್ಳಗಿರಲಿಲ್ಲ, ತುಸು ತುಂಬಿದ ಮೈಯವನೇ ಎಂದೂ ಅವನು ಹೇಳುತ್ತಾನೆ!

ಬಸ್ಕಿಯ ಮಾತನ್ನು ಪಾಯೆಸ್ ಎತ್ತಿಲ್ಲ. ಆದರೆ ನಮ್ಮ ಗರಡಿಗಳಲ್ಲಿ ಬಸ್ಕಿಯಿಲ್ಲದೆ ಸಾಮು ಇಲ್ಲ. ಅದರಲ್ಲಿ ಎರಡು ಬಗೆ. ಹಿಮ್ಮಡಿ ಎತ್ತಿ, ತುದಿಗಾಲಿನ ಮೇಲೆ, ಬೆನ್ನು ನೆಟ್ಟಗಿಟ್ಟು ಕೂರುವುದು ಒಂದು. ಹಿಮ್ಮಡಿಯೂರಿ, ಕುಂಡೆಯನ್ನು ಹಿಂದಕ್ಕೆ ಸರಿಸಿ, ಎದೆಯನ್ನು ಮುಂದಕ್ಕೆ ಬಾಗಿಸಿ ಕೂರುವುದು ಇನ್ನೊಂದು. ನೋಡಲು ಒಂದೇ, ಕೆಲಸ ಬೇರೆ. ಪ್ರೌಢಶಾಲೆಯಲ್ಲಿ ಕಲಿತ ಸನ್ನೆಕೋಲನ್ನು ನೆನೆಯಿರಿ. ದೇಹದ ಭಾರ ಇಳಿಯುವ ಲಂಬರೇಖೆ ಕೀಲಿನಿಂದ ದೂರವಾದಷ್ಟೂ ಆ ಕೀಲಿನ ಸ್ನಾಯುಗಳು ಹೆಚ್ಚು ದುಡಿಯಬೇಕು. ಮಂಡಿ ಮುಂದಕ್ಕೆ ಚಾಚಿದರೆ ರೇಖೆ ಮಂಡಿಗೆ ದೂರ, ಸೊಂಟದ ಕೀಲಿಗೆ ಹತ್ತಿರ. ತೊಡೆಯ ಮುಂಭಾಗ ಉರಿಯುತ್ತದೆ. ಕುಂಡೆ ಹಿಂದೆ ಹೋದರೆ ಲೆಕ್ಕ ತಿರುವುಮುರುವು.

2003ರಲ್ಲಿ ಅಮೆರಿಕದ ಆಂಡ್ರ್ಯೂ ಫ್ರೈ ಮತ್ತು ಸಂಗಡಿಗರು ಏಳು ಜನರ ಹೆಗಲಿಗೆ ಅವರವರ ತೂಕದಷ್ಟೇ ಭಾರ ಹೊರಿಸಿ ಇದನ್ನು ಅಳೆದರು. ಮಂಡಿ ಮುಂದೆ ಹೋಗದಂತೆ ಹಲಗೆ ಅಡ್ಡವಿಟ್ಟಾಗ ಮಂಡಿಯ ಮೇಲಿನ ತಿರುಗಿಸುವ ಬಲ ಸುಮಾರು 150ರಿಂದ 117 ನ್ಯೂಟನ್ ಮೀಟರಿಗೆ ಇಳಿಯಿತು. ಸೊಂಟದ ಕೀಲಿನಲ್ಲಿ 28 ಇದ್ದದ್ದು 303ಕ್ಕೆ ಏರಿತು. ಮಂಡಿಗೆ ಉಳಿದದ್ದು ಅಲ್ಪ, ಸೊಂಟಕ್ಕೆ ಬಿದ್ದದ್ದು ಹತ್ತು ಪಟ್ಟು!

ನೆಲದಿಂದ ಗುಂಡುಕಲ್ಲು ಎತ್ತುವುದು ಎರಡನೆಯ ಬಗೆಯ ಬಸ್ಕಿಯ ಅಣ್ಣ. ಬೆನ್ನು ಗೂನಾದರೆ ಅಪಾಯ. ಕುದುರೆ ಸವಾರಿ ತೊಡೆಯ ಒಳಬದಿಯನ್ನು ಬಿಗಿಗೊಳಿಸುತ್ತದೆ. ಪಕ್ಕದ ಸ್ನಾಯುಗಳಿಗೆ ಒಂಟಿಕಾಲಿನ ನಿಲುವೇ ಬೇಕು. ಅಂಜನಾದ್ರಿಯ 575 ಮೆಟ್ಟಿಲುಗಳನ್ನು ಏರುವವರು ಪ್ರತಿ ಹೆಜ್ಜೆಗೂ ಅದನ್ನೇ ಮಾಡುತ್ತಾರೆ.

ಇಂಥ ಬಸ್ಕಿಯು ನಮ್ಮ ಶಾಲೆಗಳಲ್ಲಿ ಕಿವಿ ಹಿಡಿದು ಅನುಭವಿಸುವ ಶಿಕ್ಷೆಯಾಗಿ ಉಳಿದದ್ದು ದುರ್ದೈವ. 2009ರ ಶಿಕ್ಷಣ ಹಕ್ಕು ಕಾಯಿದೆ ದೈಹಿಕ ಶಿಕ್ಷೆಯನ್ನು ನಿಷೇಧಿಸಿದ್ದು ಸರಿಯೇ. ಆದರೆ ಶಿಕ್ಷೆಯಲ್ಲದ ಬಸ್ಕಿಯನ್ನು ಮಕ್ಕಳಿಗೆ ಕಲಿಸುವವರು ಯಾರು? ಈಗ ವಯಸ್ಸಾದವರಿಗೆ ಫಿಸಿಯೋಥೆರಪಿಯವರು ಕೈಯೂರದೆ ಕುರ್ಚಿಯಿಂದ ಎದ್ದು ಕೂರಲು ಹೇಳಿಕೊಡುತ್ತಾರೆ. ಕುಂಡೆ ಹಿಂದೆ, ಎದೆ ಮುಂದೆ, ಹಿಮ್ಮಡಿ ನೆಲಕ್ಕೆ. ಗರಡಿಯ ಎರಡನೆಯ ಬಸ್ಕಿಯ ಅರ್ಧಭಾಗವೇ ಅದು.