ಹ್ಯೂಸ್ ಅವರ ಯುದ್ಧಕಾಲದ ಸಂಪುಟ, 1916–17

ಆಸ್ಟ್ರೇಲಿಯಾದ ಪ್ರಧಾನಿ ಬಿಲ್ಲಿ ಹ್ಯೂಸ್ 1916ರ ನವೆಂಬರ್ 14ರಂದು ಲೇಬರ್ ಸಂಸದರ ಸಭೆಯಿಂದ ಬೆಂಬಲಿಗರೊಡನೆ ಹೊರನಡೆದು, ನ್ಯಾಷನಲ್ ಲೇಬರ್ ಹೆಸರಿನಲ್ಲಿ ಹೊಸ ಸಂಪುಟ ರಚಿಸಿದರು. ಒಡಕಿಗೆ ಕಾರಣ ಕಡ್ಡಾಯ ಸೇನಾಸೇವೆ. ಅಕ್ಟೋಬರ್ 28ರ ಜನಮತಗಣನೆಯಲ್ಲಿ ಅದು ಅಲ್ಪ ಅಂತರದಿಂದ ಸೋತಿತ್ತು. ಬಹುಮತವಿಲ್ಲದ ಈ ಸಂಪುಟ ಉಳಿದದ್ದು ಎದುರಾಳಿ ಲಿಬರಲ್ಲರ ಬೆಂಬಲದಿಂದ. ಹಾಗಾಗಿ ಇದನ್ನು ಜನಾದೇಶದ ಫಲ ಎನ್ನುವುದಕ್ಕಿಂತ ಸಂಸತ್ತಿನ ಲೆಕ್ಕಾಚಾರದ ಫಲ ಎನ್ನುವುದೇ ಸರಿ.

1917ರ ಮೇ ಚುನಾವಣೆಯಲ್ಲಿ ಹ್ಯೂಸ್ ಗೆದ್ದರಲ್ಲ ಎಂದು ಕೇಳಬಹುದು. ಆದರೆ ಆ ಗೆಲುವು, ಫೆಬ್ರವರಿಯಲ್ಲಿ ಲಿಬರಲ್ಲರೊಡನೆ ಸೇರಿ ರಚಿಸಿದ ನ್ಯಾಷನಲಿಸ್ಟ್ ಸರ್ಕಾರದ್ದು. ಡಿಸೆಂಬರ್ 20ರಂದು ನಡೆದ ಎರಡನೆಯ ಜನಮತಗಣನೆಯಲ್ಲಿ ಕಡ್ಡಾಯ ಸೇವೆ ಇನ್ನೂ ದೊಡ್ಡ ಅಂತರದಿಂದ ಸೋತಿತು. ಯುದ್ಧ ನಡೆಸಲು ಹ್ಯೂಸ್ ಅವರನ್ನು ಒಪ್ಪಿದ ಮತದಾರರು, ಅವರ ಪಕ್ಷವನ್ನು ಒಡೆದ ನೀತಿಯನ್ನು ಮಾತ್ರ ಒಪ್ಪಲಿಲ್ಲ.