ರಾಷ್ಟ್ರಪತಿಗಳ ಅಧಿಕಾರದ ಚರಿತ್ರೆ: ಎಡೆದೊರೆ ನಾಡಿನ ಶಾಲೆಗಳಲ್ಲಿ ಬೋಧಿಸುವ ಬಗೆ

ನಮ್ಮ ಪ್ರೌಢಶಾಲೆಗಳಲ್ಲಿ ಪೌರನೀತಿಯನ್ನು ಬೋಧಿಸುವಾಗ ರಾಷ್ಟ್ರಪತಿಗಳ ಅಧಿಕಾರವನ್ನು ಒಂದು ಪಟ್ಟಿಯಾಗಿ ಒಪ್ಪಿಸುವುದು ರೂಢಿಯಾಗಿದೆ. ಕಾರ್ಯಾಂಗದ ಅಧಿಕಾರ, ಶಾಸನಾಧಿಕಾರ, ತುರ್ತುಪರಿಸ್ಥಿತಿಯ ಅಧಿಕಾರ ಎಂದು ವಿಂಗಡಿಸಿ, ಕೊನೆಗೆ ‘ರಾಷ್ಟ್ರಪತಿಗಳು ನಾಮಮಾತ್ರದ ಮುಖ್ಯಸ್ಥರು’ ಎಂಬ ವಾಕ್ಯದಿಂದ ಪಾಠವನ್ನು ಮುಗಿಸಲಾಗುತ್ತದೆ. ಪಟ್ಟಿಯ ಪ್ರಕಾರ ಎಲ್ಲವೂ ಅವರ ಕೈಯಲ್ಲಿದೆ. ಕೊನೆಯ ವಾಕ್ಯದ ಪ್ರಕಾರ ಏನೂ ಇಲ್ಲ. ಯಾವುದನ್ನು ನಂಬಬೇಕೆಂದು ತಿಳಿಯದ ವಿದ್ಯಾರ್ಥಿಯು ಎರಡನ್ನೂ ಬಾಯಿಪಾಠ ಮಾಡುತ್ತಾನೆ. ಅಧಿಕಾರವೆಂಬುದು ಕಾಲದಿಂದ ಕಾಲಕ್ಕೆ ರೂಪುಗೊಂಡ ಸಂಗತಿಯೆಂದು ತೋರಿಸಿದಲ್ಲದೆ ಈ ತೊಡಕು ಬಿಡಿಸದು ಎಂಬುದು ನಮ್ಮ ಅಭಿಪ್ರಾಯ. ರಾಯಚೂರಿನ ಸಮೀಪದ ಕಲ್ಮಲದಂಥ ಊರಿನ ಮಕ್ಕಳಿಗೆ ಇದನ್ನು ತಿಳಿಸಲು ಅವರ ನಾಡಿನ ಚರಿತ್ರೆಯಿಂದಲೇ ಆರಂಭಿಸಬಹುದು.

ಕೃಷ್ಣಾ ತುಂಗಭದ್ರೆಗಳ ನಡುವಣ ಈ ಎಡೆದೊರೆ ನಾಡು 1948ರ ಸೆಪ್ಟೆಂಬರ್‌ವರೆಗೆ ನಿಜಾಮರ ಆಳ್ವಿಕೆಯಲ್ಲಿತ್ತು. ಮೀರ್ ಉಸ್ಮಾನ್ ಅಲಿ ಖಾನರ ಫರ್ಮಾನೇ ಇಲ್ಲಿ ಶಾಸನವಾಗಿತ್ತು. 1950ರ ಜನವರಿ 26ರಂದು ಹೈದರಾಬಾದು ‘ಬಿ’ ವರ್ಗದ ರಾಜ್ಯವಾಯಿತು. ಅದೇ ನಿಜಾಮರು ರಾಜಪ್ರಮುಖರಾದರು. 1952ರ ಚುನಾವಣೆಯ ತರುವಾಯ ಬೂರ್ಗುಲ ರಾಮಕೃಷ್ಣರಾಯರ ಮಂತ್ರಿಮಂಡಲ ಅಧಿಕಾರಕ್ಕೆ ಬಂದಿತು. ವ್ಯಕ್ತಿ ಒಬ್ಬರೇ, ಅವರ ಹೆಸರೂ ಆಜ್ಞೆಗಳ ಮೇಲೆ ಉಳಿಯಿತು. ನಿರ್ಧಾರ ಮಾತ್ರ ಬೇರೆಯವರದಾಯಿತು. 1956ರ ನವೆಂಬರ್ 1ರಂದು ರಾಜಪ್ರಮುಖರ ಸ್ಥಾನವೂ ಇಲ್ಲವಾಗಿ, ರಾಯಚೂರು ಮೈಸೂರು ರಾಜ್ಯವನ್ನು ಸೇರಿತು. ಹೆಸರಿನ ಅಧಿಕಾರಕ್ಕೂ ನಿಜವಾದ ಅಧಿಕಾರಕ್ಕೂ ಇರುವ ಭೇದವನ್ನು ಅರಿಯಲು ಇದಕ್ಕಿಂತ ಹತ್ತಿರದ ನಿದರ್ಶನ ಈ ಮಕ್ಕಳಿಗೆ ದೊರೆಯದು.

ಸಂವಿಧಾನದ ಮೂಲ ಪಾಠದ 371ನೆಯ ವಿಧಿಯೂ ಇಲ್ಲಿ ಗಮನಾರ್ಹವಾದುದು. ಹತ್ತು ವರ್ಷಗಳ ಕಾಲ ‘ಬಿ’ ವರ್ಗದ ರಾಜ್ಯಗಳ ಸರ್ಕಾರಗಳು ರಾಷ್ಟ್ರಪತಿಗಳ ಸಾಮಾನ್ಯ ಹತೋಟಿಯಲ್ಲಿರತಕ್ಕದ್ದೆಂದು ಅದು ವಿಧಿಸಿತ್ತು. ಇಲ್ಲಿ ‘ರಾಷ್ಟ್ರಪತಿ’ ಎಂದರೆ ಯಾರು? 74ನೆಯ ವಿಧಿಯು ಅವರಿಗೆ ನೆರವು ಸಲಹೆಗಳನ್ನು ನೀಡಲು ಮಂತ್ರಿಮಂಡಲವಿರಬೇಕೆಂದಿತೇ ಹೊರತು, ಆ ಸಲಹೆಗೆ ಅವರು ಬದ್ಧರೆಂದು ಸ್ಪಷ್ಟವಾಗಿ ಹೇಳಿರಲಿಲ್ಲ. ಆದುದರಿಂದಲೇ 1960ರ ನವೆಂಬರಿನಲ್ಲಿ ಡಾ. ರಾಜೇಂದ್ರ ಪ್ರಸಾದರು, ಭಾರತದ ರಾಷ್ಟ್ರಪತಿಗಳ ಸ್ಥಾನವು ಬ್ರಿಟಿಷ್ ಅರಸರ ಸ್ಥಾನಕ್ಕೆ ಎಷ್ಟರಮಟ್ಟಿಗೆ ಸಮವೆಂಬುದು ವಿಚಾರಾರ್ಹವೆಂದು ಬಹಿರಂಗವಾಗಿಯೇ ಸೂಚಿಸಿದರು. 1974ರಲ್ಲಿ ಶಂಶೇರ್ ಸಿಂಗ್ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ರಾಷ್ಟ್ರಪತಿಗಳು ಮಂತ್ರಿಮಂಡಲದ ಸಲಹೆಯಂತೆಯೇ ನಡೆಯಬೇಕೆಂದು ಹೇಳಿತು. 1976ರ 42ನೆಯ ತಿದ್ದುಪಡಿ ಅದನ್ನೇ ಸಂವಿಧಾನದಲ್ಲಿ ಬರೆಯಿತು. 1978ರ 44ನೆಯ ತಿದ್ದುಪಡಿಯಾದರೋ, ಸಲಹೆಯನ್ನು ಒಮ್ಮೆ ಪುನರ್ವಿಮರ್ಶೆಗೆ ಕಳುಹಿಸುವ ಹಕ್ಕನ್ನು ಅವರಿಗೆ ಕೊಟ್ಟಿತು. ಮಂತ್ರಿಮಂಡಲದ ಲಿಖಿತ ನಿರ್ಣಯವಿಲ್ಲದೆ ತುರ್ತುಪರಿಸ್ಥಿತಿಯನ್ನು ಘೋಷಿಸಕೂಡದೆಂಬ ನಿಯಮವೂ ಆಗಲೇ ಬಂದಿತು. 1975ರ ಜೂನ್ 25ರ ರಾತ್ರಿ ಫಕ್ರುದ್ದೀನ್ ಅಲಿ ಅಹಮದರು ಮಂತ್ರಿಮಂಡಲದ ಸಭೆ ಸೇರುವ ಮೊದಲೇ ಪ್ರಧಾನಿಯವರ ಸಲಹೆಯ ಮೇರೆಗೆ ಘೋಷಣೆಗೆ ಸಹಿ ಮಾಡಿದುದನ್ನು ನೆನೆದರೆ, ಈ ನಿಯಮದ ಕಾರಣ ತಾನೇ ತಿಳಿಯುತ್ತದೆ.

ಈ ಎರಡು ತಿದ್ದುಪಡಿಗಳ ನಡುವಣ ಅವಧಿಯಲ್ಲಿ ಒಬ್ಬ ಕನ್ನಡಿಗರು ಆ ಸ್ಥಾನದಲ್ಲಿದ್ದರು. ಜಮಖಂಡಿ ಸೀಮೆಯ ಸಾವಳಗಿಯಲ್ಲಿ ಜನಿಸಿ, 1958ರಿಂದ 1962ರವರೆಗೆ ಮೈಸೂರಿನ ಮುಖ್ಯಮಂತ್ರಿಗಳಾಗಿದ್ದ ಬಿ. ಡಿ. ಜತ್ತಿಯವರು, ಅಹಮದರ ನಿಧನಾನಂತರ 1977ರ ಫೆಬ್ರವರಿ 11ರಿಂದ ಜುಲೈ 25ರವರೆಗೆ ಹಂಗಾಮಿ ರಾಷ್ಟ್ರಪತಿಗಳಾಗಿದ್ದರು. ಆ ವರ್ಷದ ಏಪ್ರಿಲ್ ಕೊನೆಯಲ್ಲಿ ಜನತಾ ಸರ್ಕಾರವು ಒಂಬತ್ತು ರಾಜ್ಯಗಳ ವಿಧಾನಸಭೆಗಳನ್ನು ವಿಸರ್ಜಿಸಲು ಸಲಹೆಯಿತ್ತಾಗ ಅವರು ಕೂಡಲೇ ಸಹಿ ಹಾಕಲಿಲ್ಲ. ಒಂದು ದಿನ ತಡೆದು, ಏಪ್ರಿಲ್ 30ರಂದು ಸಹಿ ಮಾಡಿದರು. ಸಲಹೆಯನ್ನು ಹಿಂದಿರುಗಿಸುವ ಮಾರ್ಗ ಅಂದು ಅವರಿಗೆ ಇರಲಿಲ್ಲ. ಇಪ್ಪತ್ತು ವರ್ಷಗಳ ತರುವಾಯ, 1997ರ ಅಕ್ಟೋಬರಿನಲ್ಲಿ, ಉತ್ತರ ಪ್ರದೇಶದ ಸರ್ಕಾರವನ್ನು ವಜಾ ಮಾಡುವ ಸಲಹೆಯನ್ನು ಕೆ. ಆರ್. ನಾರಾಯಣನ್ ಅವರು ಹಿಂದಿರುಗಿಸಿದರು; ಕೇಂದ್ರ ಸರ್ಕಾರ ಅದನ್ನು ಕೈಬಿಟ್ಟಿತು. ಈ ಎರಡು ಪ್ರಸಂಗಗಳನ್ನು ಅಕ್ಕಪಕ್ಕದಲ್ಲಿಟ್ಟರೆ 44ನೆಯ ತಿದ್ದುಪಡಿಯ ಬೆಲೆ ಮಕ್ಕಳಿಗೂ ಮನವರಿಕೆಯಾಗುತ್ತದೆ.

ನಮ್ಮ ರಾಜ್ಯವೇ ಒದಗಿಸಿದ ಇನ್ನೊಂದು ನಿದರ್ಶನವೆಂದರೆ ಎಸ್. ಆರ್. ಬೊಮ್ಮಾಯಿಯವರ ಪ್ರಕರಣ. 1989ರ ಏಪ್ರಿಲಿನಲ್ಲಿ 19 ಮಂದಿ ಶಾಸಕರು ಬೆಂಬಲ ಹಿಂತೆಗೆದುಕೊಂಡರೆಂಬ ಪತ್ರಗಳನ್ನು ಆಧರಿಸಿ ರಾಜ್ಯಪಾಲರು ವರದಿ ಕಳುಹಿಸಿದರು. ಅವರಲ್ಲಿ 7 ಮಂದಿ ಮರುದಿನವೇ ಸರ್ಕಾರಕ್ಕೆ ಬೆಂಬಲ ಸೂಚಿಸಿದರು. ಮುಖ್ಯಮಂತ್ರಿಗಳು ಸದನದಲ್ಲಿ ಬಹುಮತ ತೋರಿಸಲು ಸಿದ್ಧರಾಗಿದ್ದರು. ಆದರೂ ಏಪ್ರಿಲ್ 21ರಂದು 356ನೆಯ ವಿಧಿಯನ್ವಯ ಸರ್ಕಾರ ವಜಾ ಆಯಿತು. ಇದೇ ಮೊದಲಾದ ಪ್ರಕರಣಗಳನ್ನು ಒಟ್ಟಾಗಿ ವಿಚಾರಿಸಿ, 1994ರ ಮಾರ್ಚ್ 11ರಂದು ಒಂಬತ್ತು ನ್ಯಾಯಾಧೀಶರ ಪೀಠವು ತೀರ್ಪು ನೀಡಿತು: ಬಹುಮತದ ಪರೀಕ್ಷೆ ಸದನದಲ್ಲಿಯೇ ನಡೆಯತಕ್ಕದ್ದು, ಘೋಷಣೆಯು ನ್ಯಾಯಾಲಯದ ವಿಮರ್ಶೆಗೆ ಒಳಪಟ್ಟದ್ದು, ಸಂಸತ್ತಿನ ಉಭಯ ಸದನಗಳ ಒಪ್ಪಿಗೆಗೆ ಮುನ್ನ ವಿಧಾನಸಭೆಯನ್ನು ವಿಸರ್ಜಿಸಲಾಗದು. 356ನೆಯ ವಿಧಿಯ ಒಂದಕ್ಷರವನ್ನೂ ತಿದ್ದದೆ, ಆ ಅಧಿಕಾರದ ಮೇರೆಯನ್ನು ಈ ತೀರ್ಪು ಕಿರಿದುಗೊಳಿಸಿತು.

ಈಗ ಪುನಃ ಕಲ್ಮಲಕ್ಕೆ ಬರೋಣ. ದೀರ್ಘಕಾಲದ ಒತ್ತಾಯದ ಫಲವಾಗಿ 2012ರ ಡಿಸೆಂಬರಿನಲ್ಲಿ ಸಂಸತ್ತು ಅಂಗೀಕರಿಸಿದ 98ನೆಯ ತಿದ್ದುಪಡಿಯು 371-ಜೆ ವಿಧಿಯನ್ನು ಸೇರಿಸಿತು. 2013ರ ಅಕ್ಟೋಬರ್ 1ರಂದು ಅದು ಜಾರಿಗೆ ಬಂದಿತು. ಅದರಂತೆ ಹೈದರಾಬಾದ್ ಕರ್ನಾಟಕಕ್ಕೆ ಪ್ರತ್ಯೇಕ ಅಭಿವೃದ್ಧಿ ಮಂಡಳಿ, ಶಿಕ್ಷಣ ಉದ್ಯೋಗಗಳಲ್ಲಿ ಸ್ಥಳೀಯರಿಗೆ ಮೀಸಲು ಮುಂತಾದವುಗಳ ವಿಶೇಷ ಹೊಣೆಯನ್ನು ರಾಷ್ಟ್ರಪತಿಗಳು ಆಜ್ಞೆಯ ಮೂಲಕ ರಾಜ್ಯಪಾಲರಿಗೆ ವಹಿಸಬಹುದು. ಈ ಪ್ರದೇಶದ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಶೇ. 70ರಷ್ಟು, ರಾಜ್ಯದ ಇತರೆಡೆಗಳಲ್ಲಿ ಶೇ. 8ರಷ್ಟು ಸ್ಥಾನಗಳು ಇಲ್ಲಿನ ಮಕ್ಕಳಿಗೆ ಮೀಸಲಾದುದು ಈ ಮಾರ್ಗದಿಂದಲೇ. 1950ರಲ್ಲಿ 371ನೆಯ ವಿಧಿ ಈ ನಾಡನ್ನು ಹತೋಟಿಯಲ್ಲಿಡಲು ರಾಷ್ಟ್ರಪತಿಗಳ ಹೆಸರನ್ನು ಬಳಸಿತು. 2013ರಲ್ಲಿ ಅದರ ಸಾಲಿನ ವಿಧಿಯೊಂದು ಈ ನಾಡಿನ ಜನರ ಬೇಡಿಕೆಯನ್ನು ಸಲ್ಲಿಸಲು ಅದೇ ಹೆಸರನ್ನು ಬಳಸಿತು. ಎರಡೂ ಸಲ ನಿರ್ಧರಿಸಿದವರು ರಾಷ್ಟ್ರಪತಿಗಳೊಬ್ಬರೇ ಅಲ್ಲ.

ಹೀಗಿರಲಾಗಿ ಶಿಕ್ಷಕರು ಪಟ್ಟಿಯನ್ನು ಬದಿಗಿಟ್ಟು, ಮೇಲ್ಕಂಡ ಪ್ರತಿಯೊಂದು ಪ್ರಸಂಗಕ್ಕೂ ಮೂರು ಪ್ರಶ್ನೆಗಳನ್ನು ಹಾಕಿಸುವುದು ಲೇಸು: ಆಜ್ಞೆ ಯಾರ ಹೆಸರಿನಲ್ಲಿ ಹೊರಟಿತು? ನಿರ್ಧಾರ ಯಾರದು? ಅದನ್ನು ತಡೆಯುವ ಇಲ್ಲವೆ ಪ್ರಶ್ನಿಸುವ ಹಕ್ಕು ಯಾರಿಗಿತ್ತು? ಮೊದಲನೆಯದಕ್ಕೆ 1950ರಿಂದಲೂ ಬಹುಮಟ್ಟಿಗೆ ಒಂದೇ ಉತ್ತರ. ಮೂರನೆಯದರ ಉತ್ತರ ಮಾತ್ರ 1977ರಲ್ಲಿ ಒಂದು ಬಗೆ, 1994ರಲ್ಲಿ ಮತ್ತೊಂದು ಬಗೆ. ಆ ವ್ಯತ್ಯಾಸವೇ ಬೋಧಿಸಬೇಕಾದ ಚರಿತ್ರೆ. ನಾಳೆ 371-ಜೆ ವಿಧಿಯಡಿಯಲ್ಲಿ ಪ್ರವೇಶಕ್ಕೆ ಅರ್ಜಿ ಹಾಕುವ ಹುಡುಗ ಹುಡುಗಿಯರು, ಆ ಸೌಲಭ್ಯ ಯಾರೋ ದಯಪಾಲಿಸಿದ್ದೆಂದು ತಿಳಿಯಬಾರದು. ಅದು ಹೇಗೆ ಬಂದಿತು, ತಪ್ಪಿದರೆ ಯಾರನ್ನು ಕೇಳಬೇಕು ಎಂಬುದನ್ನು ಅವರು ಶಾಲೆಯಲ್ಲಿಯೇ ಅರಿತಿರಬೇಕು.