ಹನ್ನಳ ಕಣ್ಣೀರು, ಏಲಿಯ ಕಿವಿ: ಬೆಂಗಳೂರು ದಂಡಿನ ಸಭೆಗಳೂ ಸ್ತ್ರೀಯರ ಸಾಂತ್ವನಕೂಟಗಳೂ

ಶೀಲೋವಿನ ದೇವಾಲಯದಲ್ಲಿ ಮನನೊಂದು ಅಳುತ್ತಿದ್ದ ಹನ್ನಳನ್ನು ಯಾಜಕನಾದ ಏಲಿಯು ಕುಡಿದವಳೆಂದು ಭಾವಿಸಿದನು. ಸಮುವೇಲನ ಮೊದಲನೆಯ ಗ್ರಂಥದ ಆರಂಭದಲ್ಲಿಯೇ ಬರುವ ಈ ಸಂಗತಿಯನ್ನು ನಾವು ಸಾಮಾನ್ಯವಾಗಿ ಪ್ರಾರ್ಥನೆಯ ಮಾದರಿಯಾಗಿ ಬೋಧಿಸುತ್ತೇವೆ. ಆದರೆ ಅದು ಪಾಲಕನ ತಪ್ಪುಗ್ರಹಿಕೆಯ ಕಥೆಯೂ ಹೌದು. ಮನೆಯಲ್ಲಿ ಪೆನಿನ್ನಳ ಕುಚೋದ್ಯ, ಪ್ರೀತಿಸಿದರೂ ನೋವಿನ ಆಳವನ್ನು ಅರಿಯದ ಗಂಡ, ದೇವಾಲಯದಲ್ಲಿ ಗದರುವ ಯಾಜಕ: ಹನ್ನಳ ಮಾತಿಗೆ ಎಲ್ಲಿಯೂ ಕಿವಿಯಿರಲಿಲ್ಲ. ನ್ಯಾಯಸ್ಥಾಪಕರು 11ನೆಯ ಅಧ್ಯಾಯದಲ್ಲಿ ಇನ್ನೊಂದು ಚಿತ್ರವಿದೆ. ಯೆಫ್ತಾಹನ ಮಗಳು ತನ್ನ ಗೆಳತಿಯರೊಡನೆ ಎರಡು ತಿಂಗಳು ಬೆಟ್ಟಗಳಲ್ಲಿ ಗೋಳಾಡಿದಳು. ಅವಳ ನೆನಪಿನಲ್ಲಿ ಇಸ್ರಾಯೇಲಿನ ಹೆಣ್ಣುಮಕ್ಕಳು ವರ್ಷಕ್ಕೆ ನಾಲ್ಕು ದಿನ ಕೂಡಿಬರುವ ಪದ್ಧತಿ ಉಂಟಾಯಿತು. ಒಬ್ಬಳು ಒಂಟಿಯಾಗಿ ಅತ್ತಳು, ಇನ್ನೊಬ್ಬಳು ಸಂಗಾತಿಯರ ನಡುವೆ ಅತ್ತಳು. ಬೆಂಗಳೂರು ದಂಡಿನ ಕ್ರೈಸ್ತ ಸಭೆಗಳ ಸ್ತ್ರೀಯರು ಈ ಎರಡು ಚಿತ್ರಗಳಲ್ಲಿ ಯಾವುದರಲ್ಲಿ ಬಾಳಿದರು ಎಂಬುದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

1809ರಲ್ಲಿ ಹಲಸೂರಿನ ಸಮೀಪ ದಂಡು ನೆಲೆಗೊಂಡಾಗ ಸಿಪಾಯಿಗಳ ಹಿಂದೆಯೇ ಅಡುಗೆಯವರು, ಅಗಸರು, ಆಯಾಗಳು, ಸಣ್ಣ ವ್ಯಾಪಾರಿಗಳು ಬಂದು ನೆಲೆಸಿದರು. ತಮಿಳು, ಉರ್ದು, ತೆಲುಗು, ಕನ್ನಡ, ಇಂಗ್ಲಿಷು ಬೆರೆತ ಆ ಬೀದಿಗಳಲ್ಲಿ ತವರನ್ನು ಬಿಟ್ಟು ಬಂದ ಹೆಂಗಸರೇ ಬಹಳ. ಮಿಷನ್ ಸಂಸ್ಥೆಗಳು ಅವರನ್ನು ಮರೆಯಲಿಲ್ಲ. 1854ರಲ್ಲಿ ಗುಡ್ ಶೆಫರ್ಡ್ ಸಹೋದರಿಯರು ಬೆಂಗಳೂರಿಗೆ ಬಂದರು. ಅವರೇ 1886ರಲ್ಲಿ ಸೇಂಟ್ ಮಾರ್ಥಾಸ್ ಆಸ್ಪತ್ರೆಯನ್ನು ತೆರೆದರು. ಚರ್ಚ್ ಆಫ್ ಇಂಗ್ಲೆಂಡ್ ಜೆನಾನಾ ಮಿಷನರಿ ಸೊಸೈಟಿಯು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಸ್ತ್ರೀಯರಿಗಾಗಿ ನಡೆಸಿದ ವೈದ್ಯಸೇವೆಯ ಉತ್ತರಾಧಿಕಾರಿಯಾಗಿ ಶಿವಾಜಿನಗರದ ಸಿ.ಎಸ್.ಐ. ಆಸ್ಪತ್ರೆ ಇಂದಿಗೂ ಇದೆ. ಬೈಬಲ್ ಸ್ತ್ರೀಯರು ಮನೆಮನೆಗೆ ಹೋಗಿ ಓದು, ಹೊಲಿಗೆ, ವೇದಪಾಠಗಳನ್ನು ಕಲಿಸಿದರು. ಇವೆಲ್ಲವೂ ಆಶ್ರಯವನ್ನು, ಔಷಧವನ್ನು, ಅಕ್ಷರವನ್ನು ಕೊಟ್ಟವು. ಆದರೆ ಈ ಸೇವೆಗಳಲ್ಲಿ ಸ್ತ್ರೀಯು ಬಹುಮಟ್ಟಿಗೆ ಕೇಳಿಸಿಕೊಳ್ಳುವವಳಾಗಿದ್ದಳು, ಮಾತನಾಡುವವಳಾಗಿರಲಿಲ್ಲ.

ಮಾತನಾಡುವ ಕೂಟವೊಂದು ಮಾತ್ರ ನಮ್ಮ ಪರಂಪರೆಯಲ್ಲಿಯೇ ಇತ್ತು. 1738ರಲ್ಲಿ ಜಾನ್ ವೆಸ್ಲಿಯು ‘ಬ್ಯಾಂಡ್’ ಎಂಬ ಚಿಕ್ಕ ಕೂಟಗಳಿಗೆ ನಿಯಮಗಳನ್ನು ಬರೆದಾಗ, ಒಬ್ಬರಿಗೊಬ್ಬರು ತಪ್ಪುಗಳನ್ನು ಅರಿಕೆಮಾಡಿ ಸ್ವಸ್ಥರಾಗುವಂತೆ ಪ್ರಾರ್ಥಿಸಬೇಕೆಂಬ ಯಾಕೋಬನ ಪತ್ರಿಕೆಯ 5:16ನೆಯ ವಚನವನ್ನೇ ತಳಹದಿಯಾಗಿಟ್ಟನು. ಸ್ತ್ರೀಯರ ಕೂಟ ಬೇರೆ, ಪುರುಷರ ಕೂಟ ಬೇರೆ. ವಿವಾಹಿತರು ಬೇರೆ, ಅವಿವಾಹಿತರು ಬೇರೆ. 1742ರಲ್ಲಿ ಬ್ರಿಸ್ಟಲ್‌ನಲ್ಲಿ ಆಲಯದ ಸಾಲ ತೀರಿಸಲು ಹನ್ನೆರಡು ಜನರಿಗೊಬ್ಬ ನಾಯಕನಂತೆ ವಾರಕ್ಕೆ ಒಂದು ಪೆನ್ನಿ ಸಂಗ್ರಹಿಸುವ ಏರ್ಪಾಡು ಹುಟ್ಟಿತು. ಹಣ ಕೇಳಲು ಹೋದ ನಾಯಕರು ಮನೆಗಳ ಸಂಕಟವನ್ನು ಕಂಡರು. ಸಾಲದ ಲೆಕ್ಕ ಆತ್ಮಗಳ ಆರೈಕೆಯಾಗಿ ಮಾರ್ಪಟ್ಟು ‘ಕ್ಲಾಸ್ ಕೂಟ’ವಾಯಿತು. ಸ್ತ್ರೀಯರೂ ಅವುಗಳ ನಾಯಕಿಯರಾದರು. 1820ರ ದಶಕದಲ್ಲಿ ವೆಸ್ಲಿಯನ್ ಮಿಷನರಿಗಳು ಬೆಂಗಳೂರಿಗೆ ಬಂದಾಗ ಈ ಶಿಸ್ತನ್ನೂ ತಂದರು; ಆ ಸಭೆಗಳಲ್ಲಿ ಸದಸ್ಯತ್ವವೆಂದರೆ ಒಂದು ಕ್ಲಾಸಿಗೆ ಸೇರುವುದೇ ಆಗಿತ್ತು.

ಆಧುನಿಕ ವೈದ್ಯಶಾಸ್ತ್ರದ ಸಮೂಹ ಚಿಕಿತ್ಸೆಯ ಮೂಲವನ್ನು ಹುಡುಕಿದರೂ ನಾವು ದೇವಾಲಯದ ಬಾಗಿಲಿಗೇ ಬರುತ್ತೇವೆ. 1905ರಲ್ಲಿ ಬಾಸ್ಟನ್ ನಗರದ ವೈದ್ಯ ಜೋಸೆಫ್ ಪ್ರ್ಯಾಟ್, ಸ್ಯಾನಟೋರಿಯಮ್ಮಿಗೆ ಹೋಗಲು ಹಣವಿಲ್ಲದ ಬಡ ಕ್ಷಯರೋಗಿಗಳನ್ನು ವಾರಕ್ಕೊಮ್ಮೆ ಒಂದೆಡೆ ಕೂಡಿಸಿದನು. ಆ ಕಾರ್ಯಕ್ಕೆ ಹಣ ಒದಗಿಸಿದ್ದು ಎಲ್‌ವುಡ್ ವೂಸ್ಟರ್ ಪಾಲಕರಾಗಿದ್ದ ಇಮ್ಯಾನುವೆಲ್ ಚರ್ಚ್. ಪ್ರ್ಯಾಟ್ ಆ ಕೂಟವನ್ನು ಕರೆದ ಹೆಸರು ‘ಕ್ಲಾಸ್’. ಒಂದೇ ಕಾಯಿಲೆಯವರು ಒಟ್ಟಿಗೆ ಕುಳಿತಾಗ ಉಪದೇಶಕ್ಕಿಂತ ಸಹವಾಸವೇ ಹೆಚ್ಚು ಗುಣಕಾರಿ ಎಂಬುದು ಅಲ್ಲಿ ಕಂಡುಬಂತು. 1970ರಲ್ಲಿ ಇರ್ವಿನ್ ಯಾಲಮ್ ಸಮೂಹ ಚಿಕಿತ್ಸೆಯ ಗುಣಕಾರಿ ಅಂಶಗಳನ್ನು ವಿವರಿಸಿದಾಗ, ‘ಈ ಕಷ್ಟ ನನಗೊಬ್ಬಳಿಗೇ ಬಂದದ್ದಲ್ಲ’ ಎಂಬ ಅರಿವಿಗೆ ಪ್ರಮುಖ ಸ್ಥಾನ ಕೊಟ್ಟನು. ಕುಡುಕರ ಮನೆಮಂದಿಗಾಗಿ 1951ರಲ್ಲಿ ಆರಂಭವಾದ ಅಲ್-ಅನಾನ್ ಕೂಟಗಳೂ ಅನೇಕ ದೇಶಗಳಲ್ಲಿ ಚರ್ಚಿನ ಕೊಠಡಿಗಳಲ್ಲಿಯೇ ಸೇರುತ್ತ ಬಂದಿವೆ.

ಹಾಗಿದ್ದರೆ ನಮ್ಮ ಸಭೆಗಳಲ್ಲಿ ಈ ವರ ಏಕೆ ಕ್ಷೀಣಿಸಿತು? ಕಾರಣಗಳು ಎರಡೆಂದು ನಮಗೆ ತೋರುತ್ತದೆ. ಮೊದಲನೆಯದು, ಕೂಟವು ಕಾರ್ಯಕ್ರಮವಾದದ್ದು. ಕ್ಲಾಸ್ ಕೂಟ ಕ್ರಮೇಣ ಚಂದಾ ಸಂಗ್ರಹವಾಗಿ ಉಳಿಯಿತು. 1876ರಲ್ಲಿ ಮೇರಿ ಸಮ್ನರ್ ಆರಂಭಿಸಿದ ಮದರ್ಸ್ ಯೂನಿಯನ್ ಆಂಗ್ಲಿಕನ್ ಸಭೆಗಳ ಮೂಲಕ ಭಾರತಕ್ಕೂ ಬಂದು ಅಮೂಲ್ಯ ಸೇವೆ ಮಾಡಿತು; ಆದರೆ ಮೂಲಸಂಸ್ಥೆಯು 1970ರ ದಶಕದವರೆಗೆ ವಿಚ್ಛೇದಿತ ಸ್ತ್ರೀಯರಿಗೆ ಸದಸ್ಯತ್ವವನ್ನು ನಿರಾಕರಿಸಿತ್ತು. ಸಾಂತ್ವನ ಯಾರಿಗೆ ಅಧಿಕವಾಗಿ ಬೇಕಿತ್ತೋ ಅವರೇ ಬಾಗಿಲ ಹೊರಗೆ ನಿಂತರು. 1947ರ ಬಳಿಕ ದಕ್ಷಿಣ ಭಾರತ ಸಭೆಯ ಸ್ತ್ರೀಯರ ಅನ್ಯೋನ್ಯ ಕೂಟಗಳು ಬೆಳೆದವು. ಗೀತೆ, ಸಂದೇಶ, ವರದಿ, ಕಾಣಿಕೆ, ಮಾರಾಟದ ದಿನ ಎಲ್ಲವೂ ಅಲ್ಲಿದ್ದವು. ದುಃಖವನ್ನು ಹೇಳಿಕೊಳ್ಳುವ ಅವಧಿಯೊಂದು ಮಾತ್ರ ಕಾರ್ಯಕ್ರಮ ಪಟ್ಟಿಯಲ್ಲಿ ಅಪರೂಪವಾಯಿತು.

ಎರಡನೆಯ ಕಾರಣ ಕಾನೂನು. 1869ರ ಭಾರತೀಯ ವಿಚ್ಛೇದನ ಕಾಯಿದೆಯ ಪ್ರಕಾರ ಕ್ರೈಸ್ತ ಗಂಡನಿಗೆ ಹೆಂಡತಿಯ ವ್ಯಭಿಚಾರವನ್ನು ಸಾಧಿಸಿದರೆ ಸಾಕಿತ್ತು. ಹೆಂಡತಿಯಾದರೋ ಸಾಮಾನ್ಯವಾಗಿ ವ್ಯಭಿಚಾರದ ಜೊತೆಗೆ ಕ್ರೌರ್ಯವನ್ನೋ ಪರಿತ್ಯಾಗವನ್ನೋ ಸಾಧಿಸಬೇಕಿತ್ತು. ಬರಿಯ ಹೊಡೆತ ಬಿಡುಗಡೆಗೆ ಸಾಲದಾಗಿತ್ತು. 2001ರ ತಿದ್ದುಪಡಿಯವರೆಗೆ, ಅಂದರೆ 132 ವರ್ಷಗಳ ಕಾಲ, ಇದೇ ಸ್ಥಿತಿ. ಹೊರದಾರಿಯಿಲ್ಲದ ಮನೆಗೆ ಪಾಲಕನು ಕೊಡಬಹುದಾದ ಬುದ್ಧಿವಾದ ಸುಲಭವಾಗಿ ‘ಸಹಿಸಿಕೊಳ್ಳಮ್ಮ’ ಎಂಬುದಾಯಿತು. ನಾವು ಅದಕ್ಕೆ ಶಿಲುಬೆಯ ಹೆಸರಿಟ್ಟೆವು. ಯೇಸುಸ್ವಾಮಿ ತಾನಾಗಿ ಹೊತ್ತ ಶಿಲುಬೆಗೂ ಒಬ್ಬಳ ಮೇಲೆ ಇನ್ನೊಬ್ಬನು ಹೊರಿಸಿದ ಹೊಡೆತಕ್ಕೂ ಇರುವ ಭೇದವನ್ನು ನಮ್ಮ ಪೀಠಗಳು ಸ್ಪಷ್ಟವಾಗಿ ಸಾರಲಿಲ್ಲ. ಇದು ಅಂದಿನ ಪಾಲಕರ ಮೇಲೆ ಹೊರಿಸುವ ದೋಷಾರೋಪಣೆಯಲ್ಲ. ನಾವೆಲ್ಲರೂ ಮಾಡಬೇಕಾದ ಅರಿಕೆ.

ಇದೇ ಅವಧಿಯಲ್ಲಿ ದಂಡಿನಲ್ಲಿ ಹೊಸ ಬಾಗಿಲುಗಳು ತೆರೆದವು. 1964ರಲ್ಲಿ ಮೆಡಿಕೋ-ಪ್ಯಾಸ್ಟೊರಲ್ ಅಸೋಸಿಯೇಷನ್ ಸ್ಥಾಪನೆಯಾಯಿತು. ವೈದ್ಯನೂ ಪಾಲಕನೂ ಒಂದೇ ರೋಗಿಯ ಕುರಿತು ಕೂಡಿ ಯೋಚಿಸಬೇಕೆಂಬ ತತ್ತ್ವವನ್ನು ಅದರ ಹೆಸರೇ ಸಾರುತ್ತದೆ. ಪಾಟರಿ ರಸ್ತೆಯಲ್ಲಿರುವ ಈ ಸಂಸ್ಥೆ ಮನೋರೋಗದಿಂದ ಚೇತರಿಸಿಕೊಳ್ಳುತ್ತಿರುವವರಿಗಾಗಿ, ಆಸ್ಪತ್ರೆಗೂ ಮನೆಗೂ ನಡುವಣ ವಸತಿಯೊಂದನ್ನು ನಡೆಸಿತು. 1979ರಲ್ಲಿ ‘ವಿಮೋಚನಾ’ ಹುಟ್ಟಿತು. ನಗರದ ಪೂರ್ವಭಾಗದ ಜೈಭಾರತ ನಗರದಲ್ಲಿ ಕಾರ್ಯಾಲಯ ಹೊಂದಿದ್ದ ಈ ಸ್ತ್ರೀಸಂಘಟನೆ ವರದಕ್ಷಿಣೆಯ ಸಾವುಗಳನ್ನೂ ಮನೆಯೊಳಗಣ ಹಿಂಸೆಯನ್ನೂ ಬೀದಿಯ ಪ್ರಶ್ನೆಯಾಗಿಸಿತು. ನೊಂದವರಿಗಾಗಿ ಅದು ತೆರೆದ ಕೇಂದ್ರದ ಹೆಸರು ‘ಅಂಗಳ’. ಮನೆಯ ಒಳಗೂ ಅಲ್ಲದ, ಬೀದಿಯೂ ಅಲ್ಲದ, ಹೆಂಗಸರು ಅಕ್ಕಿ ಆರಿಸುತ್ತ ಸುಖದುಃಖ ಹೇಳಿಕೊಳ್ಳುವ ಎಡೆಯದು. ಆ ಹೆಸರಿನಲ್ಲಿಯೇ ಒಂದು ಪಾಲನಾಶಾಸ್ತ್ರ ಅಡಗಿದೆ. 1999ರಲ್ಲಿ ಇನ್ಫೆಂಟ್ರಿ ರಸ್ತೆಯ ಪೊಲೀಸ್ ಆಯುಕ್ತರ ಕಚೇರಿಯಲ್ಲಿ ವನಿತಾ ಸಹಾಯವಾಣಿ ಆರಂಭವಾಯಿತು. ಅದೇ ರಸ್ತೆಯಲ್ಲಿ ಸಿ.ಎಸ್.ಐ. ಸಹೋದರಿಯರ ವಿಶ್ರಾಂತಿ ನಿಲಯವೂ ಇದೆ. ಸಭೆಯ ಹೆಂಗಸೊಬ್ಬಳು ತನ್ನ ಸಂಕಟವನ್ನು ಮೊದಲು ಪೊಲೀಸರ ಬಾಗಿಲಲ್ಲಿ ಹೇಳಬೇಕಾಯಿತೆಂದರೆ, ದೇವಾಲಯದ ಬಾಗಿಲಲ್ಲಿ ಅವಳನ್ನು ತಡೆದದ್ದೇನು?

ತಡೆಯುವುದೇನೆಂಬುದು ನಮಗೆ ತಿಳಿಯದ್ದಲ್ಲ. ಚಿಕ್ಕ ಸಭೆಯಲ್ಲಿ ಎಲ್ಲರೂ ನೆಂಟರು. ಬುಧವಾರ ಕಣ್ಣೀರಿನೊಡನೆ ಕೊಟ್ಟ ಪ್ರಾರ್ಥನಾ ವಿನಂತಿ ಭಾನುವಾರದೊಳಗೆ ಅತ್ತೆಯ ಕಿವಿಯನ್ನು ಮುಟ್ಟುತ್ತದೆ. ಗಂಡನು ಸಭಾಸಮಿತಿಯ ಸದಸ್ಯನಾಗಿದ್ದರೆ ಪಾಲಕನ ನಾಲಿಗೆ ತಡವರಿಸುತ್ತದೆ. ಖಿನ್ನತೆಯನ್ನು ಅವಿಶ್ವಾಸವೆಂದೂ, ಹೆರಿಗೆಯ ಬಳಿಕದ ಮಂಕನ್ನು ಸೋಮಾರಿತನವೆಂದೂ ತೀರ್ಮಾನಿಸುವವರು ಇದ್ದೇ ಇರುತ್ತಾರೆ. ಏಲಿಯ ತಪ್ಪು ಇಂದಿಗೂ ಬೇರೆ ಬೇರೆ ರೂಪಗಳಲ್ಲಿ ಮರುಕಳಿಸುತ್ತದೆ.

ಮೇಲಿನ ಚರಿತ್ರೆಯಿಂದ ನಾವು ಮೂರು ಪಾಠಗಳನ್ನು ಕಲಿಯಬಹುದು. ಒಂದು, ಕೂಟವು ಚಿಕ್ಕದಾಗಿರಬೇಕು, ಸಮಾನದುಃಖಿಗಳದ್ದಾಗಿರಬೇಕು: ವಿಧವೆಯರು, ಕುಡುಕರ ಹೆಂಡತಿಯರು, ಮಗುವನ್ನು ಕಳೆದುಕೊಂಡ ತಾಯಂದಿರು, ಮನೋರೋಗಿಯನ್ನು ನೋಡಿಕೊಳ್ಳುವವರು. ಅದು ಅವರವರ ಮಾತೃಭಾಷೆಯಲ್ಲಿಯೂ ನಡೆಯಬೇಕು. ಕೃಷ್ಣರಾಜಪುರದ ಬಾಡಿಗೆ ಮನೆಗೆ ದೂರದ ಜಿಲ್ಲೆಯಿಂದ ಬಂದವಳು ಇಂಗ್ಲಿಷಿನಲ್ಲಿ ಅಳಲಾರಳು. ಎರಡು, ಗುಟ್ಟು ಕಾಯುವ ಕರಾರು ಪ್ರತಿ ಕೂಟದ ಆರಂಭದಲ್ಲಿ ಹೇಳಲ್ಪಡಬೇಕು. ಆ ವೃತ್ತದಲ್ಲಿ ಪಾಲಕನೂ ಪಾಲಕನ ಹೆಂಡತಿಯೂ ಕುಳಿತುಕೊಳ್ಳದಿರುವುದೇ ಹಲವೊಮ್ಮೆ ಲೇಸು. ತರಬೇತಿ ಪಡೆದ ಸಹೋದರಿಯೊಬ್ಬಳು ನಡೆಸಲಿ, ಪಾಲಕನು ಕೊಠಡಿಯನ್ನೂ ಸಮಯವನ್ನೂ ಕಾಯಲಿ. ಮೂರು, ಕೂಟವು ತನ್ನ ಮಿತಿಯನ್ನು ಅರಿತಿರಬೇಕು. ಸಾಯುವ ಮಾತನಾಡುವವಳನ್ನು ಒಂಟಿಯಾಗಿ ಬಿಡದೆ ಅಂದೇ ವೈದ್ಯರ ಬಳಿಗೆ ಕರೆದೊಯ್ಯಬೇಕು. 2022ರಿಂದ ಟೆಲಿ-ಮಾನಸ್ 14416 ಸಂಖ್ಯೆಯಲ್ಲಿ ಕನ್ನಡದಲ್ಲಿಯೂ ಉತ್ತರಿಸುತ್ತದೆ. ಹೊಡೆತ ತಿನ್ನುತ್ತಿರುವವಳಿಗೆ 2005ರ ಕೌಟುಂಬಿಕ ಹಿಂಸೆ ಕಾಯಿದೆಯ ರಕ್ಷಣೆಯಿದೆ, 181 ಸಹಾಯವಾಣಿಯಿದೆ, ರಾಜ್ಯ ಸರ್ಕಾರದ ಸಾಂತ್ವನ ಕೇಂದ್ರಗಳಿವೆ. ಅವಳ ಸುರಕ್ಷೆ ಖಚಿತವಾಗುವ ಮೊದಲೇ ರಾಜಿಗೆ ಅವಸರಪಡುವುದು ಪಾಲನೆಯಲ್ಲ.

ಇದು ಪರಕೀಯ ಶಾಸ್ತ್ರವೊಂದನ್ನು ಸಭೆಯೊಳಗೆ ತರುವ ಮಾತಲ್ಲ. ಒಬ್ಬರ ಭಾರವನ್ನೊಬ್ಬರು ಹೊರುವ ಧರ್ಮವನ್ನು ಗಲಾತ್ಯದವರಿಗೆ ಬರೆದ ಪತ್ರಿಕೆ ಕ್ರಿಸ್ತನ ನಿಯಮವೆಂದು ಕರೆಯುತ್ತದೆ; ಹಾಗೆ ಹೊರುವುದಕ್ಕೆ ಭಾರವೇನೆಂದು ಹೇಳುವ ಎಡೆಯೊಂದು ಬೇಕು. ವಾರಕ್ಕೊಂದು ಸಂಜೆ, ಹತ್ತು ಕುರ್ಚಿಗಳು, ಮುಚ್ಚಿದ ಬಾಗಿಲು: ಇಷ್ಟನ್ನು ಕೊಡಲಾಗದಷ್ಟು ಬಡ ಸಭೆ ನಮ್ಮಲ್ಲಿ ಯಾವುದೂ ಇಲ್ಲ.

ಏಲಿಯ ಕಥೆ ಅವನ ಗದರಿಕೆಯಲ್ಲಿಯೇ ಮುಗಿಯುವುದಿಲ್ಲ. ಹನ್ನಳು ಮರುನುಡಿದಳು, ತಾನು ಕುಡಿದವಳಲ್ಲ, ಮನನೊಂದವಳು ಎಂದು ತಿಳಿಸಿದಳು. ಮುದುಕನಾದ ಯಾಜಕನು ತನ್ನ ತಿಳಿವಳಿಕೆಯನ್ನು ತಿದ್ದಿಕೊಂಡು ಅವಳನ್ನು ಸಮಾಧಾನದಿಂದ ಕಳುಹಿಸಿದನು. ಅವಳು ಹೋಗಿ ಊಟಮಾಡಿದಳು. ಅವಳ ಮುಖದಲ್ಲಿ ಮತ್ತೆ ದುಃಖ ಕಾಣಲಿಲ್ಲವೆಂದು ಗ್ರಂಥ ಹೇಳುತ್ತದೆ. ಆಗ ಸಮುವೇಲನು ಇನ್ನೂ ಗರ್ಭದಲ್ಲಿರಲಿಲ್ಲ. ಬೇಡಿದ್ದು ಕೈಸೇರುವ ಮೊದಲೇ ಅವಳು ಉಂಡಳು, ಏಕೆಂದರೆ ಅವಳ ಮಾತನ್ನು ಒಬ್ಬರು ಕೇಳಿದ್ದರು.